ಕಳೆಯುವ ಲೆಕ್ಕ

ಮುಹರಕ್‌ನ ಮೀನುಪೇಟೆಯ ಹಿಂದಿನ ಓಣಿ, ನನ್ನ ಲಾಂಡ್ರಿ.
ಅಸರ್ ಬಾಂಗ್ ಮುಗಿದಿತ್ತಷ್ಟೆ, ಇಸ್ತ್ರಿಯ ಹಬೆ ಸರಿಸಿ ನಾಲ್ವರು ಬಂದರು.
ಮುಂದಿದ್ದವ ಕಾಗದ ಬಿಡಿಸಿ ಓದಿದ,
ನನಗೆ ತಿಳಿಯಲೆಂದು ಇನ್ನೊಮ್ಮೆ, ಮುರುಕು ಹಿಂದಿಯಲ್ಲಿ:
ಅಂಗಡಿ, ಯಂತ್ರ ಎರಡು, ರಸೀತಿ ಪುಸ್ತಕ,
ನಾನೂರ ಹದಿನೇಳನೇ ನಂಬರಿನ ಅಂಗಿ.

ಅಂಗಿ ಒಗೆದಾಗಿತ್ತು.
ಕಾಲರಿನಡಿ ಕಂದು ಕಲೆ. ಬಿಸಿನೀರು ಹಾಕಬಾರದೆಂದು
ಕೈಗೆ ಗೊತ್ತಿತ್ತು; ತಣ್ಣೀರು, ಉಪ್ಪು, ಹೆಬ್ಬೆರಳು.
ಬಾಯಿ ಕೇಳಲಿಲ್ಲ.
ಗಡ್ಡ ಹೆರೆಯುವಾಗ ಯಾರಿಗೂ ತಾಗುತ್ತದೆ.

‘ಪೂರ್ತಿ ಹೋಗಿರಲಿಕ್ಕಿಲ್ಲ’ ಅಂದಳು ಕೈಗವಸಿನ ಹುಡುಗಿ,
ಹೊಲಿಗೆಯ ಸಂದು ಅಗಲಿಸಿ.
ಮೂವತ್ತು ವರ್ಷದ ನನ್ನ ಕಸುಬಿಗೆ ಹೀಗಂದವರಿಲ್ಲ.

ಆಮೇಲೆ ಅಟ್ಟದ ಏಣಿ.
ಅಧಿಕಾರಿ ಒಂದು ಕಾಲಿಟ್ಟ, ಕಾಗದ ನೋಡಿದ, ಇಳಿದ.
ಅಟ್ಟ ಅದರಲ್ಲಿ ಬರೆದಿರಲಿಲ್ಲ.
ಎರಡನೇ ಕಾಗದ ಬರಲು ಒಂದೂವರೆ ತಾಸು.
ಸುಲೈಮಾನಿ ತರಿಸಿದೆ. ಕುಡಿಯಲಿಲ್ಲ ಅವರು, ನಾನೇ ಕುಡಿದೆ.
ಮೇಲೆ ಚಾಪೆ, ಬಾಚಣಿಗೆ, ಹೆಂಡತಿಯ ಫೋಟೋ, ಅಷ್ಟೆ.
ಆದರೂ ಬೆವರು. ಆದರೂ ಒಳಗೊಳಗೇ ಒಂದು ಹೆಮ್ಮೆ,
ನನ್ನ ಚಾಪೆ ನೋಡಲು ಒಬ್ಬರು ಇಷ್ಟು ಕಾಯುತ್ತಾರಲ್ಲ.

ಕೊನೆಗೆ ಬಾಯಿ ತೆರೆ ಅಂದಳು.
ಹತ್ತಿಕಡ್ಡಿ ಕೆನ್ನೆಯೊಳಗೆ, ಎಡಕ್ಕೆ ಸುತ್ತು, ಬಲಕ್ಕೆ ಸುತ್ತು.
‘ಅನುಮಾನವಲ್ಲ ಅಣ್ಣಾ. ಎಲ್ಲರ ಬಟ್ಟೆಗೂ ನಿನ್ನ ಕೈ ತಾಗಿದೆ,
ನಿನ್ನನ್ನು ಕಳೆದರೆ ಉಳಿದವ ಸಿಗುತ್ತಾನೆ.’

ಬಸ್ರೂರಿನಲ್ಲಿ ಅಮ್ಮಮ್ಮ ಕರಿಗೇರಿನ ಎಣ್ಣೆಗೆ ಸೂಜಿ ಅದ್ದಿ
ಮನೆಗೊಂದು ಗುರುತು ಹಾಕುತ್ತಿದ್ದಳು,
ಶಾನುಭೋಗರಿಗೆ ಮೂರು ಚುಕ್ಕಿ,
ಮರದ ಸಾಹೇಬರಿಗೆ ಅಡ್ಡಗೀಟು, ಕೆಳಗೊಂದು ಬಾಲ.
ನಮ್ಮ ಬಟ್ಟೆಗೆ ಏನೂ ಇಲ್ಲ.
ಯಾಕೆಂದರೆ, ‘ಗುರ್ತಿಲ್ದೆ ಉಳ್ದದ್ದೆಲ್ಲ ನಮ್ದೇ ಅಲ್ದಾ ಮಗಾ.’

ಈಗ ಯಾವುದೋ ಫ್ರೀಜರಿನಲ್ಲಿ ನನ್ನ ಗುರುತು,
ಅಂಕಿಗಳ ಸಾಲು,
ಅಮ್ಮಮ್ಮನ ಪಾಲೂ ಅದರಲ್ಲೆಲ್ಲೋ, ಒಗೆದರೆ ಹೋಗದ್ದು.

ಯಾರು ಸತ್ತರು, ಯಾರು ಸಿಕ್ಕರು, ನನಗೆ ಯಾರೂ ಹೇಳಲಿಲ್ಲ.
ನಿನ್ನೆ ಅದೇ ಅಧಿಕಾರಿ ಬಂದ, ಕಾಗದವಿಲ್ಲದೆ,
ಮಗನ ಶಾಲೆಯ ಅಂಗಿ ಹಿಡಿದು. ಮಸಿ ಚೆಲ್ಲಿದೆ, ಹೋಗುತ್ತದಾ?
ಹೊಲಿಗೆಯ ಸಂದು ಮೊದಲು ನೋಡಿದೆ.
ನೋಡುವಾ ಅಂದೆ,
ಐನೂರ ಮೂರನೇ ರಸೀತಿ ಹರಿದುಕೊಟ್ಟೆ.