ಎರಡು ಕಡೆ ಮಣ್ಣು

ಒಂಬತ್ತನೇ ಇಯತ್ತೆ, ಮೂರನೇ ತಾಸು.
ಎ ಕೂಡಿಸು ಬಿ, ಎರಡೂ ಸೇರಿ ವರ್ಗ ಎಷ್ಟು?
ಸೈಬಣ್ಣ ಎದ್ದು ಬಂದು ಬರೆದ:
ಎ ವರ್ಗ, ಕೂಡಿಸು, ಬಿ ವರ್ಗ.
ದುಂಡನೆ ಅಕ್ಷರ, ಅಂಜಿಕೆಯೇ ಇಲ್ಲ.
'ಯಾರ್‍ಯಾರಿಗೆ ಇದು ಖರೆ ಅನಸ್ತದ?' ಕೇಳಿದೆ.
ನಲವತ್ತರಲ್ಲಿ ಮೂವತ್ತೊಂದು ಕೈ ಎದ್ದವು.

ಡಸ್ಟರು ನನ್ನ ಕೈಯಲ್ಲೇ ಇತ್ತು.
ಇಪ್ಪತ್ತೆರಡು ವರ್ಷದಲ್ಲಿ
ಅದು ಹೀಗೆ ಸುಮ್ಮನೆ ಕೂತದ್ದಿಲ್ಲ.

ನಾನು ಕಲಿತದ್ದು ಜೇವರ್ಗಿ ಕಡೆಯ ಸಾಲೆಯಲ್ಲಿ.
'ಎರಡು ಎಬಿ' ಮರೆತವನಿಗೆ ಎರಡೇ ಏಟು,
ಲೆಕ್ಕ ತಪ್ಪದ ಏಟು,
ಬೆರಳ ಗೆಣ್ಣಿನ ಮೇಲೆ ರೂಲುದೊಣ್ಣೆ.
ಮತ್ತೆಂದೂ ಮರೆಯಲಿಲ್ಲ.
ಆ ಎರಡು ಎಲ್ಲಿಂದ ಬಂತೆಂದು
ಕೇಳಲೂ ಇಲ್ಲ.

ಶಹಾಬಾದು ಇದು. ಇಲ್ಲಿ ನೆಲವೆಂದರೆ ಕಲ್ಲು,
ಗೋಡೆಯೆಂದರೆ ಕಲ್ಲು, ಎಷ್ಟೋ ಮನೆಗಳ ಮಾಳಿಗೆಯೂ ಕಲ್ಲು.
ಸಾಲೆಯ ಹೊಸ ಖೋಲಿಗೆ ಫರಸಿ ಹಾಸುತ್ತಿದ್ದರು;
ಹಿತ್ತಲಲ್ಲಿ ಒಂದೊಂದು ಫೂಟಿನ ಚೌಕ ತುಂಡು ಉಳಿದಿದ್ದವು.
ತರಗತಿ ಅಲ್ಲಿಗೇ ನಡೆಯಿತು.
ನಾನು ಹೇಳಿದ್ದು ಇಷ್ಟೇ: ಎ ಮೂರು, ಬಿ ಎರಡು.
ಐದು ಫೂಟಿನ ಚೌಕ ಗೆರಿ ಎಳೀರಿ,
ಸೈಬಣ್ಣ ಬರ್‍ದಷ್ಟು ಕಲ್ಲು ಹಾಸ್ರಿ.

ಒಂದು ಮೂಲೆಗೆ ಒಂಬತ್ತು.
ಎದುರು ಮೂಲೆಗೆ ನಾಲ್ಕು.
ಕೈ ಝಾಡಿಸಿಕೊಂಡು ಎದ್ದರು.

ಎರಡು ಕಡೆ ಮಣ್ಣು ಕಾಣುತ್ತಿತ್ತು.

ಯಾರೂ ಮಾತಾಡಲಿಲ್ಲ.
ನನ್ನ ಬಾಯೊಳಗೆ ಉತ್ತರ ಉರುಳುತ್ತಿತ್ತು
ಬಿಸಿ ಹೂರಣದಂತೆ,
ಉಗುಳಲೂ ಆಗದೆ, ನುಂಗಲೂ ಆಗದೆ.
'ಗ್ವಾಡಿ ಒಳಗ ಸರಸ್ರಿ ಸರ್,' ಅಂದ ಸೈಬಣ್ಣ.
ಎಲ್ಲ ನಕ್ಕರು. ತುಳಜಾ ನಗಲಿಲ್ಲ.
ಅವಳವ್ವ ಪಾಲಿಶ್ ಮಷಿನಿನ ಮುಂದೆ
ಫೂಟಿನ ಲೆಕ್ಕದಲ್ಲಿ ಪಗಾರ ಎಣಿಸುವವಳು.
ಕುಕ್ಕರಗಾಲಲ್ಲಿ ಕೂತು
ಒಂದು ತುಂಡನ್ನು ಮಣ್ಣ ಮೇಲೆ ಹೊರಳಿಸಿ ಹೊರಳಿಸಿ ಅಳೆದಳು.
'ಈ ಕಡಿ ಮೂರೆರಡ್ಲೆ ಆರು. ಆ ಕಡೀನೂ ಆರು.
ಅಕ್ಕ ತಂಗಿ ಇದ್ದಂಗ ಅವ್ರಿ.
ಒಂದು ಮಲಗ್ಯಾದ, ಒಂದು ನಿಂತದ.'

ನನ್ನ ಗೆಣ್ಣುಗಳು ಜುಮ್ಮೆಂದವು.
ನಲವತ್ತಾರನೇ ವಯಸ್ಸಿಗೆ
ಆ ಎರಡು ಏಟಿನ ಅರ್ಥ ಸಿಕ್ಕಿತು:
ಒಂದು ಮಲಗಿದ್ದು, ಒಂದು ನಿಂತದ್ದು.

ಹೆಡ್‌ಮಾಸ್ತರರು ಆಫೀಸಿನ ಕಿಟಕಿಯಿಂದ ಕೂಗಿದರು:
'ಸಿಲೆಬಸ್ ಎಲ್ಲಿ ತನಕ ಬಂತ್ರಿ?'
'ಮಣ್ಣಿನ ತನಕ ಬಂದದ್ರಿ.'

ಮರುದಿನ ಬೋರ್ಡಿನ ಮೇಲೆ ಸೈಬಣ್ಣನ ಸಾಲು ಹಾಗೇ ಇತ್ತು.
ಯಾರೂ ಅಳಿಸಿರಲಿಲ್ಲ; ಅದರ ಬಾಲಕ್ಕೆ
ಅವನೇ ಎರಡು ಉದ್ದನೆ ಡಬ್ಬಿ ಬರೆದಿದ್ದ,
ಒಳಗೆಲ್ಲ ಚುಕ್ಕಿ, ಮಣ್ಣಿಗಂತೆ.
ಇನ್ನು ಸೂತ್ರ ಹೇಳಿಬಿಡೋಣವೆಂದು ಖಡು ಎತ್ತಿದೆ.
ಅಷ್ಟರಲ್ಲಿ ಹಿಂದಿನ ಬೆಂಚಿನ ಖಾಜಾಬಿ,
ಜೂನಿನಿಂದ ಒಂದು ಮಾತೂ ಆಡದವಳು:
'ಸರ್, ಕೂಡ್ಸೋದಲ್ಲ, ಕಳ್ಯೋದು ಇದ್ರ?
ಹಾಸಿದ ಕಲ್ಲು ಯಾವ ಕಡಿಂದ ಕೀಳಬೇಕ್ರಿ?'

ಖಡು ಜೇಬಿಗಿಟ್ಟೆ.
ಆಗಲೇ ಎಲ್ಲರೂ ಬಾಗಿಲ ಬಳಿ
ಚಪ್ಪಲಿ ಹುಡುಕುತ್ತಿದ್ದರು.