ಕಳೆಯ ಲೆಕ್ಕ

ಶುಕ್ರವಾರ ಇದ್ವಾಲ್ ಪ್ರಾಸರ್ ಚೀಲ ತರುತ್ತಿದ್ದ.
ಎರಡು ಪದರದ ಕರಿ ಪ್ಲಾಸ್ಟಿಕ್ಕು, ಬಾಯಿಗೆ ಟೇಪು,
ಜೊತೆಗೊಂದು ಪರವಾನಗಿ ಚೀಟಿ,
ಹೆಣ ಸಾಗಿಸುವವರ ಹಾಗೆ.
ಇಲ್ಲಿ ಒಂದು ತುಂಡು ಬೇರು ದಾರಿಯಲ್ಲಿ ಉದುರಿದರೂ ತಕರಾರು.

ಸ್ವಾನ್ಸಿಯ ಗುಡ್ಡದ ಬದಿ ಅವನ ಮನೆ.
ಹಿತ್ತಿಲ ತುಂಬ ನಾಟ್‌ವೀಡ್. ಬಿದಿರಿನ ದಾಯಾದಿಯಂತೆ
ಗೆಣ್ಣು ಗೆಣ್ಣು, ಮೈಮೇಲೆ ಕೆಂಪು ಮಚ್ಚೆ,
ಕಾಂಕ್ರೀಟಿನ ಬಿರುಕಿನಲ್ಲಿ ತಲೆ ತೂರಿಸಿ
ಅಂಗಳಕ್ಕೇ ಬಂದು ಕೂತಿತ್ತು.
ಬ್ಯಾಂಕು ಸಾಲ ಕೊಡದು. ಕೊಳ್ಳಲು ಬಂದವರು
ಚಹಾ ಕುಡಿದು, ಕಿಟಕಿಯಾಚೆ ನೋಡಿ,
ಎದ್ದು ಹೋಗುತ್ತಾರೆ.
ಹನ್ನೊಂದು ವರ್ಷ.

ಲ್ಯಾಬಿನಲ್ಲಿ ನನ್ನ ಕೆಲಸ ತೊಳೆಯುವುದು, ಹೆಚ್ಚುವುದು, ತೂಗುವುದು.
ಬೇರು ಮುರಿದರೆ ಲಟಕ್ಕೆನ್ನುತ್ತದೆ;
ಒಳಗೆ ಅರಿಸಿನ ಕೊಂಬಿನ ಬಣ್ಣ.
ಮೊದಲ ದಿನ ಅಭ್ಯಾಸಬಲದಿಂದ ಮೂಸಿದೆ:
ಮಣ್ಣು, ಅಷ್ಟೇ.
ಆಲ್ಕೋಹಾಲಿನಲ್ಲಿ ನೆನೆಸಿ, ಸೋಸಿ, ಬತ್ತಿಸಿದರೆ
ಚೀಲಕ್ಕೊಂದು ಚಿಟಿಕೆ ಪುಡಿ,
ಕಿರುಬೆರಳ ಉಗುರಿನ ಮೇಲೆ ಕೂರುವಷ್ಟು.
ಅದನ್ನು ನೆರಿಸ್ ಕೆನೆಯಂಥ ಪದರವೊಂದಕ್ಕೆ ಬೆರೆಸುತ್ತಾಳೆ,
ಮಾಯದ ಹುಣ್ಣಿನ ಮೇಲೆ ಹಾಸಲಿಕ್ಕೆ.
ಎರಡು ಬಾರಿ ಬೂಷ್ಟು ಬಂತು. ಮೂರನೆಯದು ಒಡೆಯಿತು.
ನಾಲ್ಕನೆಯದು ಗಾಜಿನ ತಟ್ಟೆಯಲ್ಲಿ ತೆಪ್ಪಗಿದೆ.

ಈ ದೇಶದಲ್ಲಿರುವುದೆಲ್ಲ ಹೆಣ್ಣು ಗಿಡ, ಅಂದಳು ನೆರಿಸ್ ಒಮ್ಮೆ,
ಕಡಿದೆಸೆದ ತುಂಡು ತುಂಡೇ ಚಿಗುರಿ
ಊರಿಂದೂರಿಗೆ ಹೋದದ್ದು.
ಲೆಕ್ಕ ಹಾಕಿದರೆ ಎಲ್ಲ ಸೇರಿ ಒಬ್ಬಳೇ.
ಆಮೇಲೆ ಚಾಕು ಹಿಡಿದಾಗಲೆಲ್ಲ
ಕೈ ಒಂದು ಕ್ಷಣ ನಿಲ್ಲುತ್ತದೆ.

ನಿಮ್ಮ ಭಾಷೆಯಲ್ಲಿ ಇದಕ್ಕೇನಂತೀರಿ, ಕೇಳಿದ್ದ ಇದ್ವಾಲ್.
ಕಳೆ, ಅಂದೆ.
ಮುಖದ ಮೇಲಿನ ಬೆಳಕೂ ಕಳೆಯೇ,
ಕೂಡು ಕಳೆ ಅಂತ ಶಾಲೆಯಲ್ಲಿ ಕಲಿತದ್ದೂ ಅದೇ.
ಅವನು ಕನ್ನಡಕ ತೆಗೆದು ಒರೆಸಿಕೊಂಡು
'ಪದಕ್ಕೂ ಇಷ್ಟು ಜಿಪುಣತನವೇ?' ಅಂದ.

ಕಡೆಗೂ ಅವನ ಹತ್ತಿರ ದುಡ್ಡು ಕೂಡಿತು. ಸೆಪ್ಟೆಂಬರಿನಲ್ಲಿ
ಕಂಪನಿಯವರು ಬಂದು ಟೊಳ್ಳು ಕಾಂಡಗಳಿಗೆಲ್ಲ
ವಿಷದ ಸೂಜಿ ಚುಚ್ಚಿ ಹೋದರು.
ಹಿತ್ತಿಲು ಕಂದಿತು. ಗಿರಾಕಿ ಸಿಕ್ಕರು.
ವಿಷ ಉಂಡ ಬೇರು ನಮಗೆ ಬಾರದು;
ನೆರಿಸ್ ಈಗ ಫೋನಿನಲ್ಲಿ ಊರೆಲ್ಲ ಹುಡುಕುತ್ತಾಳೆ,
ನದಿದಂಡೆ, ರೈಲುಹಳಿ, ತಾಮ್ರದ ಕಿಟ್ಟದ ಹಳೇ ದಿಬ್ಬ,
ನಿಮ್ಮಲ್ಲಿ ಕಳೆ ಇದೆಯೇ, ಸ್ವಲ್ಪ ಕೊಡುತ್ತೀರಾ ಎಂದು.

ನಿನ್ನೆ, ಏಪ್ರಿಲ್ಲಿನ ಶುಕ್ರವಾರ,
ಬಾಗಿಲಲ್ಲಿ ಇದ್ವಾಲ್, ಬರಿಗೈ.
ಪದರ ನೋಡಬಹುದೇ ಅಂದ. ಬೆಳಕಿಗೆ ಹಿಡಿದೆ:
ತುಸು ಹಳದಿ.
ಮುಟ್ಟಬೇಡಿ ಅಂದೆ. ಮುಟ್ಟಲಿಲ್ಲ.
ಹೊರಡುವಾಗ, ಟೋಪಿ ತಿರುವುತ್ತ, ಮೆಲ್ಲಗೆ:
ಶೆಡ್ಡಿನ ಹಿಂದೆ, ಅವರ ಕಣ್ಣಿಗೆ ಬೀಳದ ಕಡೆ,
ಕೆಂಪು ಮೊಳಕೆ ಮೂರು, ಹೆಬ್ಬೆರಳುದ್ದ.
ಸೋಮವಾರ ಸಹಿ. ಹೇಳಲೋ, ಬೇಡವೋ?

ನಾನು ತಕ್ಕಡಿಯ ತಟ್ಟೆ ಒರೆಸುತ್ತಿದ್ದೆ.
ಸೊನ್ನೆ ತೋರಿಸಿದ ಮೇಲೂ
ಒರೆಸುತ್ತಲೇ ಇದ್ದೆ.