ತುಟಿಪಿಟಕ್ಕೆನ್ನದೆ

ಬುಧವಾರ ಸಂಜೆ ಏಳಕ್ಕೆ ಬರ್ನ್ಲಿಯ ಗ್ರಂಥಾಲಯದ ಮಹಡಿಯಲ್ಲಿ
ನಾನು ಮಾತು ಕಲಿಸುತ್ತಿದ್ದೆ.
ಎಂಟು ವಾರ, ಹನ್ನೆರಡು ಪೌಂಡು, ಚಹಾ ಬಿಸ್ಕತ್ತು ಸೇರಿ.
ಒಬ್ಬ ವಿಮೆಯವನು,
ಮಗಳ ಮದುವೆಯಲ್ಲಿ ಎದ್ದು ನಾಲ್ಕು ಮಾತಾಡಲೇಬೇಕಾದ ಕಟುಕ,
ಹೆಸರು ಕೇಳಿದರೆ ಕಿವಿ ಕೆಂಪಾಗುವ ಹುಡುಗ,
ಕೊನೆಯ ಕುರ್ಚಿಯಲ್ಲಿ ಕೋಟು ಬಿಚ್ಚದೆ
ಅರವತ್ತೊಂಬತ್ತರ ಹೆಟ್ಟಿ ಕ್ಲೆಗ್.

ಹಲಗೆಯ ಮೇಲೆ ಬರೆದೆ: ಹೊಟ್ಟೆಯಿಂದ ಉಸಿರು.
ಎದುರಿನವರ ಕಣ್ಣು.
ನಡುನಡುವೆ ನಿಲ್ಲಿ, ಮೌನ ಯಾರನ್ನೂ ಕಚ್ಚುವುದಿಲ್ಲ.
ಎಲ್ಲರೂ ಬರೆದುಕೊಂಡರು. ಹೆಟ್ಟಿ ಬರೆದುಕೊಳ್ಳಲಿಲ್ಲ.
ಯಾಕೆ ಬಂದಿರಿ ಅಂದರೆ,
ಈಜುಕೊಳ ಮುಚ್ಚುತ್ತಾರಂತೆ, ಪುರಸಭೆಯಲ್ಲಿ ಮೂರು ನಿಮಿಷ ಕೊಟ್ಟಿದ್ದಾರೆ,
"ನನ್ನ ದನಿ ಮಾತ್ರ ಮಗ್ಗದ ಶೆಡ್ಡಲ್ಲೇ ಉಳಿದುಬಿಟ್ಟಿದೆ."

ಮೂವತ್ತೊಂದು ವರ್ಷ. ಆರುನೂರು ಮಗ್ಗ ಒಂದೇ ಸೂರಿನಡಿ.
ಲಾಳಿ ಎಡಕ್ಕೆ ಬಡಿದು ಬಲಕ್ಕೆ, ಬಲಕ್ಕೆ ಬಡಿದು ಎಡಕ್ಕೆ,
ಆ ಸದ್ದಿನಲ್ಲಿ ದೇವರು ಗದರಿದರೂ ಕೇಳದು.
ಹಾಗಂತ ಹೆಂಗಸರು ಸುಮ್ಮನಿದ್ದರೇ?
ತುಟಿ ಹಿಗ್ಗಲಿಸಿ, ಹುಬ್ಬು ಕುಣಿಸಿ,
ದನಿಯಿಲ್ಲದ ಮಾತನ್ನು ನಾಲ್ಕು ಸಾಲಿನಾಚೆ ದಾಟಿಸುತ್ತಿದ್ದರು:
ಯಾರ ಗಂಡ ಎಲ್ಲಿ ಕುಡಿದು ಬಿದ್ದ, ಯಾರಿಗೆ ಎಷ್ಟು ತಿಂಗಳು,
ಮೇಸ್ತ್ರಿ ಬಂದ, ಹುಷಾರು.
ಕೆಟ್ಟ ಸುದ್ದಿಗೆ ಮಾತ್ರ ಹತ್ತಿರ ಹೋಗಬೇಕು.
ಮಗ್ಗ ನಿಲ್ಲಿಸಿ, ಭುಜ ಮುಟ್ಟಿ, ಮುಖಕ್ಕೆ ಮುಖ ಕೊಟ್ಟು.
ನಿಂತ ಮಗ್ಗಕ್ಕೆ ಕೂಲಿಯಿಲ್ಲ.
ನಿಲ್ಲಿಸುತ್ತಿದ್ದರು.

ರಾತ್ರಿ ಪಾಳಿಗೆ ಮೀರ್‌ಪುರದ ಫಜಲ್ ದಾದ್ ಬರುತ್ತಿದ್ದ.
ಪಾಳಿ ಬದಲಾಗುವ ಹತ್ತು ನಿಮಿಷದಲ್ಲಿ, ಹೆಟ್ಟಿಯ ತುಟಿ ನೋಡಿ ನೋಡಿ
ಇಂಗ್ಲಿಷನ್ನು ಮೊದಲು ಕಣ್ಣಿಂದ ಕಲಿತನಂತೆ.
ಬೀದಿಯಲ್ಲಿ ಅದಕ್ಕೆ ದನಿಯೂ ಇದೆಯೆಂದು ಗೊತ್ತಾದಾಗ
ಇಷ್ಟೊಂದು ಗಲಾಟೆ ಯಾಕೆ, ಅಂದನಂತೆ.

ನಾಲ್ಕನೇ ವಾರ ನಾನು 'ಆಲಿಸುವುದು' ಪಾಠ ಮಾಡಿದೆ.
ತಲೆಯಾಡಿಸಿ, ಆಗಾಗ ಹೂಂ ಅನ್ನಿ.
ಹೆಟ್ಟಿಗೆ ಬಿಸ್ಕತ್ತು ನೆತ್ತಿಗೇರುವಷ್ಟು ನಗು.
"ಹೂಂ ಅನ್ನುವವನು ತನ್ನ ಸರದಿ ಕಾಯುತ್ತಿರುತ್ತಾನೆ, ಅಷ್ಟೇ.
ನಮ್ಮಲ್ಲಿ ನೀನು ಅತ್ತ ತಿರುಗಿದರೆ
ನನ್ನ ಮಾತು ಅಲ್ಲಿಗೇ ಸತ್ತಿತು."
ನಾನು ಆಗ ಹಲಗೆಯ ಕಡೆ ತಿರುಗಿ ನಿಂತಿದ್ದೆ.

ಮಾರ್ಚಿಯ ಗುರುವಾರ. ಉದ್ದ ಮೇಜು, ನೀರಿನ ಹೂಜಿ, ಒಂಬತ್ತು ಸದಸ್ಯರು.
ಹೆಟ್ಟಿ ಎದ್ದಳು. ಮೈಕು ಒಮ್ಮೆ ಕಿರುಚಿತು.
ಚೀಟಿ ನಡುಗಿತು. ಗಂಟಲ ಪಸೆ ಆರಿತು.
ಹತ್ತು ಸೆಕೆಂಡು. ಇಪ್ಪತ್ತು. ನಲವತ್ತು.
ಮೂರನೇ ಸಾಲಿನಲ್ಲಿ ನಾನು
ಅವಳ ಬದಲು ಹೊಟ್ಟೆಯಿಂದ ಉಸಿರಾಡಿದೆ.

ಆಗ ಅವಳು ಚೀಟಿ ಮಡಚಿ, ಸದಸ್ಯರನ್ನು ದಾಟಿ
ಹಿಂದಿನ ಬೆಂಚಿನತ್ತ ಕತ್ತೆತ್ತಿದಳು. ಏಳು ಮುದುಕಿಯರು,
ಏಳು ಉಣ್ಣೆ ಟೋಪಿ.
ತುಟಿ ಅಲುಗಿತು. ಏಳು ತುಟಿಗಳು ಅಲುಗಿದವು.
ಒಬ್ಬಳು ನಕ್ಕಳು, ಒಬ್ಬಳು ಕೈಚೀಲದಲ್ಲಿ ಕರವಸ್ತ್ರ ಹುಡುಕಿದಳು.
ಸದಸ್ಯರು ಮಿಕಿಮಿಕಿ ನೋಡಿದರು, ತಮ್ಮ ಮನೆಯಲ್ಲೇ
ತಾವು ನೆಂಟರಾದವರಂತೆ.
"ಶ್ರೀಮತಿ ಕ್ಲೆಗ್, ದಯವಿಟ್ಟು ಗಟ್ಟಿಯಾಗಿ."

ಐವತ್ತು ಸೆಕೆಂಡು ಉಳಿದಿತ್ತು. ದನಿ ಬಂತು,
ತುಕ್ಕು ಹಿಡಿದದ್ದು, ಆದರೆ ಬಂತು.
ಮಂಗಳವಾರ ಬಿಸಿನೀರಿಗಿಳಿದರೆ ನನ್ನ ಬೆರಳು ಬಿಚ್ಚುತ್ತವೆ, ಅಂದಳು.
ನೂಲು ಕಟ್ಟಿ ಕಟ್ಟಿ ಮಡಚಿಕೊಂಡ ಬೆರಳು.
ಅಷ್ಟೇ ಅಂದಳು. ಕೈ ಎತ್ತಿ ತೋರಿಸಿ ಕೂತಳು.

ಐದಕ್ಕೆ ನಾಲ್ಕು. ಕೊಳ ಉಳಿಯಲಿಲ್ಲ.
ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ, ಗಂಟೆಗೆ ಅರವತ್ತು ಪೆನ್ಸು.

ಬಸ್ ನಿಲ್ದಾಣದಲ್ಲಿ ಕೇಳಿದೆ: ಅವರಿಗೆ ಏನು ಹೇಳಿದಿರಿ?
ಅವಳು ಹತ್ತಿ ಕೂತು, ಕಿಟಕಿಯ ಮಬ್ಬು ತೋಳಿನಿಂದ ಒರೆಸಿ,
ಗಾಜಿನಾಚೆಯಿಂದ ನಿಧಾನವಾಗಿ, ಮಗುವಿಗೆ ಹೇಳುವಂತೆ, ಹೇಳಿದಳು.
ನನಗೆ ಸಿಕ್ಕಿದ್ದು ಎರಡೇ ಪದ.
ಒಂದು ನನ್ನ ಹೆಸರು.
ಇನ್ನೊಂದು 'ನೀರು' ಇರಬಹುದು, 'ಬುಧವಾರ' ಇರಬಹುದು.
ಇಂಗ್ಲಿಷಿನಲ್ಲಿ ಎರಡಕ್ಕೂ ಮೊದಲು ತುಟಿ ಒಂದೇ ಥರ ಸುತ್ತುತ್ತದೆ.